ಕರಡಿರಾಜನ ಪಂಕ್ತಿ

"ವಸೂಲಾತೇನವಾ?" ಅಂತ ಕೇಳತಾನ
ಡ್ರೈವರ್ ಮಾಬೂಸಾಬ, ಕನ್ನಡಿಯೊಳಗ ನನ್ನ ನೋಡಿ.
ನಾ ಶಿಳ್ಳಿ ಊದತೀನಿ. ಬಸ್ಸು ಹೊಂಡತೈತಿ.

ದಿನಾ ಸೊನ್ನಿ ಹರಿಯೋ ಕೈ ಇದು.
ಹುಬ್ಬಳ್ಳಿ–ಗದಗ, ದಿವಸಕ್ಕ ನಾಕು ಸರತಿ,
ಹೆಣ್ಣಮಕ್ಕಳು ಆಧಾರ ಕಾರ್ಡು ತೋರಸತಾರ,
ಮಷೀನು ಗರ್ರ್ ಅಂದು ಸೊನ್ನಿ ರೂಪಾಯಿ ಟಿಕೀಟು ಕಾರತೈತಿ,
ಅದನ್ನೂ ಮಡಿಚಿ ಬಳಿಯೊಳಗ ಸಿಗಿಸಿಕೊಂತಾರ,
ಕಳಕೊಂಡ್ರ ಏನೋ ಹೋದೀತು ಅನ್ನೂಹಂಗ.

ಅದ ಕೈಲೆ ಎಣಿಸಿ ಕೊಟ್ನಿ
ತಲಿಗೆ ಸಾವಿರದ ನಾಕನೂರಾ ತೊಂಬತ್ತೊಂಬತ್ತು.
ಮೂರು ತಲಿ: ನಾನು, ಮಗ ಅಭಿನಂದನ, ಅತ್ತಿ ಜಿನ್ನವ್ವ.
ಹುಡುಗೂರಿಗೆ ಅರ್ಧಾ ಇಲ್ಲೇನ್ರಿ ಅಂದ್ರ, ಇಲ್ಲ.
ಉಳದ ಮೂರು ರೂಪಾಯಿ ಕೇಳಿದ್ದಕ್ಕ
ಕೌಂಟರಿನ ಹುಡುಗಿ ನಕ್ಕು ಚಾಕಲೇಟು ಕೊಟ್ಲು.
ನಾ ಹಂಗ ಕೊಟ್ರ
ಅರ್ಧಾ ಬಸ್ಸು ಎದ್ದು ನಿಂದರತೈತಿ ನನ್ನ ಮ್ಯಾಲೆ.

ಶಿರಗುಪ್ಪಿ ಕಡೆ, ಎರಿಹೊಲದ ನಡಕ ಎದ್ದ ಪಾರ್ಕು ಅದು:
ಸಿಮೆಂಟಿನ ಗುಡ್ಡ, ನೀಲಿ ಬಳದ ಹೊಳಿ,
ಗಾಳಿಗೆ ಅಲಗಾಡದ ಆಲದ ಬಿಳಲು.
"ಶನಿವಾರ ಸಂಜಿ ಕರಡಿರಾಜನ ಜೋಡಿ ಊಟ"
ಅಭಿ ನನ್ನ ಸೀಟಿನ ಮಗ್ಗಲ ಕೂತು
ಅಕ್ಷರ ಕೂಡಿಸಿ ಓದಿದ ಮೊದಲನೇ ಬೋರ್ಡು.

ಊಟ ಐದೂವರಿಗೆ ಅಂದಿದ್ರು. ಅದಕ್ಕಂತ ಅತ್ತಿ ಬಂದಿದ್ಲು.
ಹೊತ್ತು ಮುಣಗೂದ್ರಾಗ ಉಂಡು ಮುಗಿಸೂದು ಆಕಿ ನೇಮ,
ಎಪ್ಪತ್ತೆರಡು ವರ್ಷದಾಗ ತಪ್ಪಿಲ್ಲ.
ರಾಜ ಬರೂದು ತಡ ಆತು.
ಡೊಳ್ಳು ಬಂತು, ಹೊಗಿ ಬಂತು, ಬಣ್ಣದ ದೀಪ ಬಂದ್ವು.
ಅತ್ತಿ ಕೈ ತೊಳಕೊಂಡು ಕೂತಾಕಿ
ಜಾರುಬಂಡಿ ಹಿಂದ ಸೂರ್ಯಾ ಇಳಿಯೂದನ್ನ ನೋಡಿದ್ಲು.
"ಮುಣಗಿದ," ಅಂದ್ಲು. ತಾಟು ಬೋರಲ ಹಾಕಿದ್ಲು.
ಸಾವಿರದ ನಾಕನೂರಾ ತೊಂಬತ್ತೊಂಬತ್ತರ ತಾಟು.

ಏನಿತ್ತು ಅಂತೀರಿ?
ಪಂಜಾದ ಆಕಾರದ ಪೂರಿ, ತಣ್ಣಗ.
ಹಸರ ಅನ್ನ, ಅದರ ನೆತ್ತಿ ಮ್ಯಾಲೆ ಸಣ್ಣ ಬಾವುಟ.
ಗಾಜಿನ ಗಲಾಸಿನ್ಯಾಗ ಮೂರು ಚಮಚೆ ಗಿರಮಿಟ್ಟು.
ದುರ್ಗದ ಬೈಲಾಗ ಪೇಪರಿನ್ಯಾಗ ತುಂಬಿ
ಮಗ್ಗಲಕ ಮಿರ್ಚಿ ಇಟ್ಟು ಕೊಡತಾರಲ್ಲ, ಅದ.
ಮೆತ್ತಗಾಗಿತ್ತು.

ಕರಡಿ ನಮ್ಮ ಟೇಬಲ್ಲಿಗೆ ಬಂದು ಕೂತಿತು.
ಅಭಿ ಪೂರಿ ಮುರದು ಅದರ ಬಾಯಾಗ ಇಟ್ಟ.
ಕೆಂಪು ಮಕಮಲ್ಲಿನ ನಾಲಿಗಿ ಮ್ಯಾಲೆ ಪೂರಿ ಹಂಗ ಕೂತಿತು;
ಆಚೀಕಡೆ ಗಂಟಲಾ ಇಲ್ಲ, ಹೊಲಿಗಿ.
"ನುಂಗ," ಅಂದ ಅಭಿ.
ಕರಡಿ ಹೊಟ್ಟಿ ಸವರಿಕೊಂಡು ತೋರಿಸಿತು.

ಅತ್ತಿ ಬಗ್ಗಿ ಕಿವಿಗೊಟ್ಲು.
"ಇದರೊಳಗ ಯಾವನೋ ತೇಕಾಕತ್ತಾನಲ್ಲ!"
ದಪ್ಪನ ಮೆನು ಕಾರ್ಡು ತಗೊಂಡು
ಅದರ ಬಾಯಿ ಕಡೆ ಗಾಳಿ ಹಾಕಾಕ ಸುರು ಮಾಡಿದ್ಲು,
ಜ್ವರ ಬಂದ ಕೂಸಿಗೆ ಹಾಕಿದಂಗ, ಅವಸರಿಲ್ಲದ.
ಬ್ಯಾರೆ ಟೇಬಲ್ಲಿನವರು ಕರದ್ರೂ ಕರಡಿ ಏಳಲಿಲ್ಲ.
ಮ್ಯಾನೇಜರ ಬಂದು ಭುಜಾ ತಟ್ಟಿದ. ಆವಾಗ ಎದ್ದಿತು.

ಮಂಗಳವಾರ, ಕಡೀ ಟ್ರಿಪ್ಪು.
ಪಾರ್ಕಿನ ಕ್ರಾಸಿನ್ಯಾಗ ಒಬ್ಬ ಹತ್ತಿದ,
ತೊಯ್ದ ತಲಿ, ಕೊರಳ ಸುತ್ತ ಕೆಂಪನ್ನ ಗಂದಿ.
"ಒಂದು ಅಣ್ಣಿಗೇರಿ."
ಗಂಡಸು, ಪೂರಾ ಟಿಕೀಟು. ಚಿಲ್ಲರೆ ಎಣಿಸಿ ಕೊಟ್ನಿ.
ಅಂವ ಎಣಿಸಲಿಲ್ಲ.
"ಅಜ್ಜಿ ಆರಾಮ ಅದಾಳೇನ್ರಿ?" ಅಂದ,
ನಾ ಹೂಂ ಅನ್ನೂದ್ರಾಗ ಕಿಡಕಿಗೆ ತಲಿ ಹಚ್ಚಿ ನಿದ್ದಿ ಹೋದ.
ಊರು ಬಂದಾಗ ಎಬ್ಬಿಸಿದ್ನಿ.

ಮಾಬೂಸಾಬ ಇನ್ನೂ ಕೇಳತಾನ.
ಡಿಪೋದಾಗಿನ ಲೆಕ್ಕಾ ಆದ್ರ ರೂಪಾಯಿ ಬಿಡದಂಗ ಹೊಂದಸತೀನಿ.
ಇದು ಹೊಂದವಲ್ದು.
ಇನ್ನೊಮ್ಮೆ ಹೋಗೂದಿಲ್ಲ, ಅದು ಖರೆ.
ಹೋಗಬಾರದಿತ್ತು ಅನ್ನಾಕೂ ಬಾಯಿ ಬರವಲ್ದು.

ರಾತ್ರಿ ಅತ್ತಿಗೆ ಹೇಳಿದ್ನಿ, ಅಂವ ಸಿಕ್ಕಿದ್ದ ಅಂತ.
ಕತ್ತಲದಾಗ ಮಗ್ಗಲಾ ಹೊಳ್ಳಿಸಿದ್ಲು.
"ಉಂಡಿದ್ನಂತೇನು?"
ಕೇಳಿರಲಿಲ್ಲ ನಾ.